ಎನ್ನುವುದೂ ಹೇಳುವುದೂ

ಬಿಂಡಿಗನವಿಲೆಯೆಂದೊಡನೆ ಚನ್ನಕೇಶವನ ಗುಡಿಯೂ ಅಲ್ಲಿಯ ಗರುಡನೂ ನೆನಪಿಗೆ ಬರುವುದು ಸಹಜವೇ ಆದರೂ, ಆ ಊರನ್ನೊಳಗೊಂಡ ನಾಗಮಂಗಲದ ಸೀಮೆಗೆ ನಮ್ಮ ನಾಡಿನ ಇಂಗ್ಲಿಷ್ ವಿದ್ಯೆಯ ಚರಿತ್ರೆಯಲ್ಲಿಯೂ ಒಂದು ಸ್ಥಾನವುಂಟು. ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷನ್ನು ಬೋಧಿಸುತ್ತಲೇ ಕನ್ನಡದ ಅಭ್ಯುದಯಕ್ಕೆ ದುಡಿದ ಬಿ. ಎಂ. ಶ್ರೀಕಂಠಯ್ಯನವರ ಮನೆತನದ ಬೆಳ್ಳೂರು ಇದೇ ತಾಲ್ಲೂಕಿನದು.

ಅವರಲ್ಲಿ ಹೀಗೆ ಜೊತೆಗೂಡಿದ ಕನ್ನಡ, ಇಂಗ್ಲಿಷ್ ಎಂಬ ಎರಡು ಭಾಷೆಗಳ ವ್ಯಾಕರಣಗಳು ಪರಸ್ಪರ ಸಂಧಿಸಿದುದು ಮೊದಲು ಪರದೇಶಿಯರ ಪ್ರಯೋಜನಕ್ಕಾಗಿ. 1817ರಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣವೂ 1824ರಲ್ಲಿ ರೀವನ ಇಂಗ್ಲಿಷ್-ಕನ್ನಡ ನಿಘಂಟೂ ಪ್ರಕಟವಾದುವು. 1833ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ಇಂಗ್ಲಿಷ್ ಶಾಲೆಯನ್ನು ಸ್ಥಾಪಿಸಿದ ಮೇಲೆ, ಅದೇ ತೌಲನಿಕ ಶ್ರಮವು ಕನ್ನಡದ ಬಾಲಕರ ಪಾಲಿಗೂ ಬಂದಿತು.

ಆ ಶ್ರಮದ ಸ್ವರೂಪವನ್ನು ‘ಸೇ’ ಮತ್ತು ‘ಟೆಲ್’ ಎಂಬ ಎರಡು ಕ್ರಿಯಾಪದಗಳಲ್ಲಿ ಕಾಣಬಹುದು. ‘ಸೇ’ ಎಂಬುದಕ್ಕೆ ಆಡಿದ ಮಾತೇ ಕರ್ಮ. ಕೇಳುವವನನ್ನು ತರಬೇಕಾದರೆ ‘ಟು’ ಎಂಬ ಅವ್ಯಯದ ನೆರವು ಬೇಕು. ‘ಟೆಲ್’ ಎಂಬುದಾದರೋ, ಕಥೆ, ಸುಳ್ಳುಗಳಂಥ ಕೆಲವು ಪ್ರಯೋಗಗಳನ್ನುಳಿದರೆ, ಕೇಳುವವನನ್ನು ನೇರವಾಗಿ ತನ್ನ ಬಳಿ ನಿಲ್ಲಿಸಿಕೊಳ್ಳುತ್ತದೆ. ಅದರ ಪ್ರಾಚೀನಾರ್ಥ ಎಣಿಸುವುದು. ಬ್ಯಾಂಕಿನಲ್ಲಿ ಹಣವೆಣಿಸುವ ಟೆಲ್ಲರನ ಹೆಸರಿನಲ್ಲಿ ಅದು ಇಂದಿಗೂ ಉಳಿದಿದೆ. ಕನ್ನಡದಲ್ಲಿ ‘ಅವನಿಗೆ ಹೇಳಿದೆನು’ ಎಂದು ಚತುರ್ಥೀ ವಿಭಕ್ತಿಯನ್ನು ರೂಢಿಸಿಕೊಂಡ ನಾಲಗೆಯು ‘ಟೆಲ್’ನ ಮುಂದೆಯೂ ‘ಟು’ವನ್ನು ತರುವುದು ಅಜ್ಞಾನವಲ್ಲ, ಮಾತೃಭಾಷೆಯ ವ್ಯಾಕರಣದ ನಿಷ್ಠೆ.

ಆದರೆ ಈ ಭೇದವೇ ನಮ್ಮಲ್ಲಿಲ್ಲವೆಂದು ಭಾವಿಸಬಾರದು. ‘ಎನ್ನು’ ಮಾತನ್ನು ಹಿಡಿಯುತ್ತದೆ, ‘ಹೇಳು’ ಕೇಳುವವನತ್ತ ನಡೆಯುತ್ತದೆ. ‘ಬರುವೆನೆಂದು ನನಗೆ ಹೇಳಿದನು’ ಎಂಬಲ್ಲಿ ಎರಡೂ ಒಂದೇ ವಾಕ್ಯದಲ್ಲಿ ಕೆಲಸವನ್ನು ಹಂಚಿಕೊಳ್ಳುತ್ತವೆ. ‘ಅವನನ್ನು ಯಾರೂ ಏನೂ ಅನ್ನಲಿಲ್ಲ’ ಎಂದಾಗ, ವ್ಯಕ್ತಿಯೇ ಕರ್ಮವಾದೊಡನೆ, ಅದೇ ‘ಎನ್ನು’ ಧಾತುವಿಗೆ ನಿಂದೆಯ ಅರ್ಥ ಬರುತ್ತದೆ. ಇಂಥ ಸೂಕ್ಷ್ಮತೆ ‘ಸೇ’ ಎಂಬುದರಲ್ಲಿಲ್ಲ.

ಕೇಶಿರಾಜನ ಕನ್ನಡ ವ್ಯಾಕರಣವಾದ ಶಬ್ದಮಣಿದರ್ಪಣವನ್ನು 1872ರಲ್ಲಿ ಮಂಗಳೂರಿನಿಂದ ಪ್ರಕಟಿಸಿದ ಕಿಟ್ಟೆಲ್ಲನಂಥ ವಿದೇಶೀಯನೂ, 1946ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟನ್ನು ಹೊರತಂದ ಮೈಸೂರು ವಿಶ್ವವಿದ್ಯಾನಿಲಯದ ವಿದ್ವಾಂಸರೂ ವಿಭಿನ್ನ ದಿಕ್ಕುಗಳಿಂದ ನಡೆದುದು ಒಂದೇ ದಾರಿಯಲ್ಲಿ. ಪರಭಾಷೆಯ ಕ್ರಿಯಾಪದವನ್ನು ತೂಗಲು ಹೊರಟವನು ಸ್ವಭಾಷೆಯ ವಿಭಕ್ತಿಯನ್ನು ಪರೀಕ್ಷಿಸದೆ ಇರಲಾರನು. ನಮ್ಮವರ ಇಂಗ್ಲಿಷ್ ವ್ಯಾಸಂಗದಿಂದ ಕನ್ನಡಕ್ಕೆ ದೊರೆತ ಲಾಭಗಳಲ್ಲಿ ಈ ಪರೀಕ್ಷೆಯೂ ಒಂದು.