ಎಸ್. ಆರ್. ಬೊಮ್ಮಾಯಿ: ಒಬ್ಬ ವಕೀಲ, ಒಂದು ತೀರ್ಪು

ರಾಜಕಾರಣಿಗಳ ಹೆಸರು ಸಾಮಾನ್ಯವಾಗಿ ಉಳಿಯುವುದು ರಸ್ತೆಗೋ, ಬಸ್ ನಿಲ್ದಾಣಕ್ಕೋ, ಅಣೆಕಟ್ಟಿಗೋ ಇಟ್ಟ ಹೆಸರಾಗಿ. ಕನ್ನಡಿಗರಾದ ಸೋಮಪ್ಪ ರಾಯಪ್ಪ ಬೊಮ್ಮಾಯಿಯವರ ಹೆಸರು ಉಳಿದಿರುವುದು ಒಂದು ತೀರ್ಪಿನಲ್ಲಿ. ದೇಶದ ಯಾವ ಮೂಲೆಯಲ್ಲಾದರೂ ಒಂದು ರಾಜ್ಯ ಸರಕಾರ ಅಲುಗಾಡತೊಡಗಿದರೆ ವಕೀಲರು, ಪತ್ರಕರ್ತರು, ವಿರೋಧ ಪಕ್ಷದವರು ಒಂದೇ ಮಾತನ್ನು ಎತ್ತುತ್ತಾರೆ: ಬೊಮ್ಮಾಯಿ ಪ್ರಕರಣ. ಆ ಮಾತನ್ನು ಆಡುವ ಎಷ್ಟೋ ಮಂದಿಗೆ ಅದು ಒಬ್ಬ ಮನುಷ್ಯನ ಹೆಸರು, ಆತ ಹುಬ್ಬಳ್ಳಿಯ ಒಬ್ಬ ವಕೀಲ ಎಂಬುದು ನೆನಪಿರುವುದಿಲ್ಲ. ಆ ಮನುಷ್ಯನ ಬಾಳನ್ನೂ ಆ ತೀರ್ಪಿನ ಕಥೆಯನ್ನೂ ಗಡಿನಾಡಿನವರಾದ ನಾವು ತಿಳಿದಿರಬೇಕು ಎಂಬುದಕ್ಕೆ ಕಾರಣಗಳಿವೆ. ಅವನ್ನು ಇಲ್ಲಿ ಹೇಳಲು ಯತ್ನಿಸುತ್ತೇನೆ.

ಬೊಮ್ಮಾಯಿಯವರು ಹುಟ್ಟಿದ್ದು 1924ರ ಜೂನ್ 6ರಂದು, ಈಗಿನ ಹಾವೇರಿ ಜಿಲ್ಲೆಗೆ ಸೇರಿದ ಕಾರಡಗಿಯಲ್ಲಿ. ಆಗ ಅದು ಧಾರವಾಡ ಜಿಲ್ಲೆ, ಮುಂಬಯಿ ಪ್ರಾಂತ. ಅಂದರೆ ಅವರೂ ನಮ್ಮ ಹಿರಿಯರಂತೆ ಬೇರೆ ಭಾಷೆಯವರ ರಾಜಧಾನಿಯನ್ನು ನೋಡಿಕೊಂಡು ಬೆಳೆದ ಕನ್ನಡಿಗರೇ. ಕಾನೂನು ಕಲಿತು ಹುಬ್ಬಳ್ಳಿಯಲ್ಲಿ ವಕೀಲಿ ನಡೆಸಿದರು. ಸ್ವಾತಂತ್ರ್ಯ ಹೋರಾಟದಲ್ಲೂ ಕರ್ನಾಟಕ ಏಕೀಕರಣದ ಚಳವಳಿಯಲ್ಲೂ ಪಾಲ್ಗೊಂಡರು. ಎಂ. ಎನ್. ರಾಯ್ ಅವರ ಮಾನವತಾವಾದ ಅವರನ್ನು ಬಹುವಾಗಿ ಸೆಳೆದಿತ್ತು. ಪಕ್ಷಕ್ಕಿಂತ ಪ್ರಜೆ ದೊಡ್ಡವನು ಎಂದು ನಂಬಿ, 1948ರಲ್ಲಿ ತಾನು ಕಟ್ಟಿದ ಪಕ್ಷವನ್ನೇ ವಿಸರ್ಜಿಸಿದವರು ರಾಯ್. ಅಂಥವರ ಪ್ರಭಾವಕ್ಕೆ ಒಳಗಾದವರು ಪಕ್ಷ ರಾಜಕಾರಣದಲ್ಲೇ ಜೀವಮಾನ ಕಳೆದದ್ದು ಒಂದು ವಿಚಿತ್ರ. ಆದರೆ ಆ ಜೀವಮಾನದ ಬಹುಪಾಲು ಕಳೆದದ್ದು ಅಧಿಕಾರದ ಹೊರಗೆ, ಕಾಂಗ್ರೆಸ್ಸಿಗೆ ಎದುರಾಗಿ ಎಂಬುದನ್ನೂ ಗಮನಿಸಬೇಕು.

1956ರ ನವೆಂಬರ್ 1 ಎಂಬ ದಿನ ನಮ್ಮ ಮನೆಗಳಲ್ಲಿ ಎರಡು ಮುಖಗಳ ದಿನ. ಅಂದು ಹುಬ್ಬಳ್ಳಿ, ಧಾರವಾಡ ಮೈಸೂರು ರಾಜ್ಯವನ್ನು ಸೇರಿದವು. ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯ ಭಾಗವಾಗಿದ್ದ ಕೊಳ್ಳೇಗಾಲವೂ ಮೈಸೂರಿಗೆ ಹೋಯಿತು. ಅದೇ ದಿನ ದಕ್ಷಿಣ ಕನ್ನಡದ ಕಾಸರಗೋಡು ಕೇರಳಕ್ಕೆ ಸೇರಿತು. ಬೊಮ್ಮಾಯಿಯವರಂಥವರು ಬಯಸಿದ ಏಕೀಕರಣ ಅವರಿಗೆ ದೊರೆಯಿತು, ನಮಗೆ ದೊರೆಯಲಿಲ್ಲ. ಆದರೂ ಅವರ ಕಥೆ ನಮಗೆ ಹೊರಗಿನದಲ್ಲ. ಅದು ಹೇಗೆ ಎಂಬುದನ್ನು ನನಗೆ ಮೊದಲು ಕಾಣಿಸಿದ್ದು ಕರ್ನಾಟಕವೂ ಅಲ್ಲ, ಕೇರಳವೂ ಅಲ್ಲ, ತಮಿಳುನಾಡು.

ಕಾಸರಗೋಡಿನ ಕಡೆಯ ನಾನು ಹೊಟ್ಟೆಪಾಡಿಗಾಗಿ ಬಂದು ನೆಲೆಸಿದ್ದು ಕೊಯಮತ್ತೂರಿನ ಗಾಂಧಿಪುರಂನಲ್ಲಿ. ಮೈಸೂರು, ಬೆಂಗಳೂರುಗಳಿಗೆ ಹೋಗುವ ಬಸ್ಸುಗಳು ಹೊರಡುವುದು ಇಲ್ಲಿಂದ. ಪಾಲಕ್ಕಾಡು ಇಲ್ಲಿಂದ ಕೂಗಳತೆಯಲ್ಲಿದೆ. 1989ರ ಏಪ್ರಿಲ್‌ನಲ್ಲಿ ಬೊಮ್ಮಾಯಿ ಸರಕಾರ ವಜಾ ಆದ ಸುದ್ದಿ ಬಂದ ದಿನ, ಬಸ್ ನಿಲ್ದಾಣದ ಬಳಿಯ ಚಹಾದಂಗಡಿಯಲ್ಲಿ ಪಾಲಕ್ಕಾಡಿನವರಾದ ಅಂಗಡಿಯ ಚೇಟ್ಟನ್ ಲೋಟ ಮುಂದಿಡುತ್ತ, “ನಿಮ್ಮದೂ ಹೋಯಿತಲ್ಲ ಸಾರ್? ನಮ್ಮದು ಐವತ್ತೊಂಬತ್ತರಲ್ಲೇ ಹೋಗಿತ್ತು” ಎಂದರು. ಪಕ್ಕದಲ್ಲಿ ಪತ್ರಿಕೆ ಓದುತ್ತಿದ್ದ ತಮಿಳರು ತಲೆಯೆತ್ತದೆ, “ನಾವು ಎಣಿಸುವುದನ್ನೇ ಬಿಟ್ಟಿದ್ದೇವೆ” ಎಂದರು. ಅವರ ಮಾತು ಸುಳ್ಳಲ್ಲ. ಅಷ್ಟರೊಳಗೆ ತಮಿಳುನಾಡು 1976, 1980, 1988 ಹೀಗೆ ಮೂರು ಸಲ ರಾಷ್ಟ್ರಪತಿ ಆಳ್ವಿಕೆಯನ್ನು ಕಂಡಿತ್ತು. ಮೊದಲ ಸಲ ಕರುಣಾನಿಧಿಯವರ ಸರಕಾರ, ಎರಡನೆಯ ಸಲ ಎಂ. ಜಿ. ಆರ್. ಸರಕಾರ ವಜಾ ಆಗಿದ್ದವು. ಮೂರು ಭಾಷೆಗಳವರಿಗೂ ಆ ದಿನ ಒಂದೇ ಅನುಭವದ ಮಾತಿತ್ತು. ಅದರ ಹೆಸರು 356ನೆಯ ವಿಧಿ.

356 ಎಂಬ ಅಸ್ತ್ರ

ರಾಜ್ಯದ ಆಡಳಿತವನ್ನು ಸಂವಿಧಾನಕ್ಕೆ ಅನುಸಾರವಾಗಿ ನಡೆಸಲು ಸಾಧ್ಯವಿಲ್ಲದ ಪರಿಸ್ಥಿತಿ ಬಂದಿದೆ ಎಂದು ರಾಜ್ಯಪಾಲರ ವರದಿಯಿಂದಾಗಲಿ, ಬೇರೆ ರೀತಿಯಿಂದಾಗಲಿ ರಾಷ್ಟ್ರಪತಿಗಳಿಗೆ ಮನವರಿಕೆಯಾದರೆ ರಾಜ್ಯದ ಆಡಳಿತವನ್ನು ಅವರು ವಹಿಸಿಕೊಳ್ಳಬಹುದು. ಇದು ಆ ವಿಧಿಯ ಸಾರ. ಇಂಥ ವಿಧಿಗಳು ಬಳಕೆಗೆ ಬಾರದೆ ಕಾಗದದಲ್ಲೇ ಉಳಿಯಲಿ ಎಂದು ಡಾ. ಅಂಬೇಡ್ಕರರು 1949ರಲ್ಲಿ ಸಂವಿಧಾನ ಸಭೆಯಲ್ಲಿ ಆಶಿಸಿದ್ದರು. ಆದದ್ದು ಬೇರೆ. ಅದು ನೂರಕ್ಕೂ ಹೆಚ್ಚು ಸಲ ಬಳಕೆಯಾಗಿದೆ.

ಇದರ ಬಿಸಿ ಗಡಿನಾಡ ಕನ್ನಡಿಗರಿಗೆ ಬಹಳ ಬೇಗ ತಟ್ಟಿತು. 1957ರ ಕೇರಳದ ಮೊದಲ ಚುನಾವಣೆಯಲ್ಲಿ ಮಂಜೇಶ್ವರದಿಂದ ಎಂ. ಉಮೇಶ ರಾಯರು ಪಕ್ಷೇತರರಾಗಿ, ಎದುರಾಳಿಯೇ ಇಲ್ಲದೆ ಆಯ್ಕೆಯಾದರು. ಇಡೀ ಕ್ಷೇತ್ರ ಒಮ್ಮತದಿಂದ ಕಳುಹಿಸಿದ ಆ ಪ್ರತಿನಿಧಿಯ ಅವಧಿ 1959ರ ಜುಲೈ 31ಕ್ಕೆ ಮುಗಿದುಹೋಯಿತು. ಅಂದು ಕೇಂದ್ರವು ಇ. ಎಂ. ಎಸ್. ಸರಕಾರವನ್ನು ವಜಾ ಮಾಡಿ ವಿಧಾನಸಭೆಯನ್ನೂ ವಿಸರ್ಜಿಸಿತು. ಇ. ಎಂ. ಎಸ್. ಅವರಿಗೆ ಸದನದಲ್ಲಿ ಬಹುಮತ ಇತ್ತು. ಕಮ್ಯೂನಿಸ್ಟರ ಮೇಲಿನ ಸಿಟ್ಟು ಏನೇ ಇರಲಿ, ಮಂಜೇಶ್ವರದ ಮತದಾರ ಮಾಡಿದ ತಪ್ಪೇನು ಎಂದು ಯಾರೂ ಕೇಳಲಿಲ್ಲ. 1960ರ ಚುನಾವಣೆಯಲ್ಲಿ ಅಲ್ಲಿಂದ ಗೆದ್ದವರು ವಕೀಲರಾದ ಕಳ್ಳಿಗೆ ಮಹಾಬಲ ಭಂಡಾರಿಯವರು. ಆ ಸಭೆಯೂ 1964ರಲ್ಲಿ ನಡುವೆಯೇ ವಿಸರ್ಜನೆಯಾಯಿತು. 1965ರ ಮಾರ್ಚ್‌ನಲ್ಲಿ ನಾವು ಮತ್ತೆ ಮತ ಹಾಕಿದೆವು. ಯಾರಿಗೂ ಬಹುಮತ ಬರಲಿಲ್ಲವೆಂದು ಆ ಸಭೆಯನ್ನು ಒಂದೇ ಒಂದು ದಿನ ಕೂಡ ಸೇರಿಸದೆ ವಿಸರ್ಜಿಸಲಾಯಿತು. ಗೆದ್ದವರು ಪ್ರಮಾಣವಚನವನ್ನೂ ಸ್ವೀಕರಿಸಲಿಲ್ಲ. ಕಾಸರಗೋಡಿನ ಪ್ರಶ್ನೆ ಕಾವೇರಿದ್ದ ಆ ವರ್ಷಗಳಲ್ಲಿ, ಮುಂದಿನ ಚುನಾವಣೆ ನಡೆದ 1967ರ ತನಕ, ತಿರುವನಂತಪುರದಲ್ಲಿ ನಮ್ಮ ಪರವಾಗಿ ಎದ್ದು ಮಾತಾಡಲು ಸದನವೇ ಇರಲಿಲ್ಲ.

ಬೆಂಗಳೂರಿನ ಆ ಐದು ದಿನಗಳು

ಬೊಮ್ಮಾಯಿಯವರು ಜನತಾ ಪಕ್ಷದಲ್ಲಿ ಬೆಳೆದವರು. ಇಲ್ಲಿ ಒಂದು ಕಹಿ ಸತ್ಯವನ್ನು ಮುಚ್ಚಿಡಬಾರದು. 1977ರಲ್ಲಿ ದೆಹಲಿಯ ಗದ್ದುಗೆಗೆ ಬಂದ ಅದೇ ಜನತಾ ಪಕ್ಷವು ಒಂಬತ್ತು ಕಾಂಗ್ರೆಸ್ ರಾಜ್ಯ ಸರಕಾರಗಳನ್ನು ಒಟ್ಟಿಗೆ ಕಿತ್ತುಹಾಕಿತು. ವರ್ಷದ ಕೊನೆಯ ದಿನ ಕರ್ನಾಟಕದ ದೇವರಾಜ ಅರಸರ ಸರಕಾರವನ್ನೂ ವಜಾ ಮಾಡಿತು. 1978ರ ಫೆಬ್ರವರಿಯಲ್ಲಿ ಜನರು ಅರಸರನ್ನೇ ಮರಳಿ ಗೆಲ್ಲಿಸಿದರು. ಹುಬ್ಬಳ್ಳಿ ಗ್ರಾಮಾಂತರದಿಂದ ಗೆದ್ದ ಬೊಮ್ಮಾಯಿಯವರು ವಿರೋಧ ಪಕ್ಷದ ಬೆಂಚಿನಲ್ಲಿ ಕುಳಿತರು. ಅಸ್ತ್ರ ಯಾರ ಕೈಗೆ ಬಂದರೂ ಅದರ ಸ್ವಭಾವ ಒಂದೇ.

1983ರಲ್ಲಿ ರಾಮಕೃಷ್ಣ ಹೆಗಡೆಯವರ ನಾಯಕತ್ವದಲ್ಲಿ ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಸರಕಾರ ಬಂದಾಗ ಬೊಮ್ಮಾಯಿಯವರು ಮಂತ್ರಿಯಾದರು. 1988ರ ಆಗಸ್ಟ್‌ನಲ್ಲಿ ಹೆಗಡೆಯವರು ರಾಜೀನಾಮೆ ಕೊಟ್ಟ ಮೇಲೆ ಮುಖ್ಯಮಂತ್ರಿಯಾದರು. ಆ ಕುರ್ಚಿಯಲ್ಲಿ ಅವರು ಇದ್ದದ್ದು ಒಂಬತ್ತು ತಿಂಗಳಿಗೂ ಕಡಿಮೆ.

1989ರ ಏಪ್ರಿಲ್ 15ರಂದು ಮಂತ್ರಿಮಂಡಲ ವಿಸ್ತರಣೆಯಾಗಿ 13 ಮಂದಿ ಹೊಸಬರು ಸೇರಿದರು. ಎರಡೇ ದಿನಗಳಲ್ಲಿ ಜನತಾದಳದ ಒಬ್ಬ ಶಾಸಕರು ಪಕ್ಷ ಬಿಟ್ಟರು. ಮರುದಿನ, 18ರಂದು, ಸರಕಾರಕ್ಕೆ ತಮ್ಮ ಬೆಂಬಲವಿಲ್ಲ ಎಂದು ಶಾಸಕರು ಬರೆದರೆನ್ನಲಾದ 19 ಪತ್ರಗಳನ್ನು ಅವರು ರಾಜ್ಯಪಾಲರಾದ ಪಿ. ವೆಂಕಟಸುಬ್ಬಯ್ಯನವರ ಕೈಗಿತ್ತರು. 19ರಂದು ರಾಜ್ಯಪಾಲರ ವರದಿ ದೆಹಲಿಗೆ ಹೋಯಿತು. 20ರಂದು ಆ 19 ಮಂದಿಯಲ್ಲಿ 7 ಮಂದಿ, ತಮ್ಮ ಸಹಿಯನ್ನು ತಪ್ಪು ಹೇಳಿ ಪಡೆಯಲಾಗಿದೆ, ತಾವು ಸರಕಾರದ ಜೊತೆಗೇ ಇದ್ದೇವೆ ಎಂದು ಬರೆದರು. ಅದೇ ದಿನ ಮಂತ್ರಿಮಂಡಲ ಸೇರಿ ಏಪ್ರಿಲ್ 27ಕ್ಕೆ ವಿಧಾನಸಭೆಯನ್ನು ಕರೆಯಲು ತೀರ್ಮಾನಿಸಿತು. ಬೊಮ್ಮಾಯಿಯವರು ಕಾನೂನು ಮಂತ್ರಿಯನ್ನು ಕರೆದುಕೊಂಡು ರಾಜಭವನಕ್ಕೆ ಹೋದರು. ಬೇಕಾದರೆ ಅಧಿವೇಶನವನ್ನು ಇನ್ನೂ ಬೇಗ ಕರೆಯೋಣ, ಬಹುಮತವನ್ನು ಸದನದಲ್ಲೇ ಸಾಬೀತುಪಡಿಸುತ್ತೇನೆ ಎಂದು ತಿಳಿಸಿದರು. ರಾಷ್ಟ್ರಪತಿಗಳಿಗೂ ಅದೇ ಅರ್ಥದ ಟೆಲೆಕ್ಸ್ ಕಳುಹಿಸಿದರು.

ರಾಜ್ಯಪಾಲರು ಅದೇ ದಿನ ಇನ್ನೊಂದು ವರದಿ ಕಳುಹಿಸಿದರು. ಆ ಏಳು ಮಂದಿಯ ಪತ್ರಗಳನ್ನು ಒತ್ತಡ ಹಾಕಿ ಬರೆಸಲಾಗಿದೆ, ಶಾಸಕರ ಖರೀದಿ ನಡೆಯುತ್ತಿದೆ ಎಂಬುದು ಅವರ ಅಭಿಪ್ರಾಯವಾಗಿತ್ತು. ಏಪ್ರಿಲ್ 21ರಂದು ಸರಕಾರ ವಜಾ ಆಯಿತು, ವಿಧಾನಸಭೆ ವಿಸರ್ಜನೆಯಾಯಿತು. 17ರಿಂದ 21ರವರೆಗೆ ಒಟ್ಟು ಐದು ದಿನ. ಸದನದ ಬಾಗಿಲು ತೆರೆಯಲು ಇನ್ನು ಆರು ದಿನ ಕಾದಿದ್ದರೆ ಸಾಕಿತ್ತು.

ಸೋತವನ ಮೊಕದ್ದಮೆ

ಕುರ್ಚಿ ಹೋದ ರಾಜಕಾರಣಿ ಸಾಮಾನ್ಯವಾಗಿ ಮೈದಾನಕ್ಕೆ ಹೋಗುತ್ತಾನೆ. ಬೊಮ್ಮಾಯಿಯವರು ಕೋರ್ಟಿಗೆ ಹೋದರು. ವಜಾ ಆದ ಐದನೆಯ ದಿನ, ಏಪ್ರಿಲ್ 26ರಂದು, ಹೈಕೋರ್ಟಿನಲ್ಲಿ ರಿಟ್ ಅರ್ಜಿ ಸಲ್ಲಿಕೆಯಾಯಿತು. ಮೂವರು ನ್ಯಾಯಮೂರ್ತಿಗಳ ವಿಶೇಷ ಪೀಠ ಅದನ್ನು ತಳ್ಳಿಹಾಕಿತು. ಅದೇ ವರ್ಷದ ನವೆಂಬರಿನ ಚುನಾವಣೆಯಲ್ಲಿ ಜನರೂ ಜನತಾದಳವನ್ನು ತಿರಸ್ಕರಿಸಿದರು. 224 ಸ್ಥಾನಗಳಲ್ಲಿ ಕಾಂಗ್ರೆಸ್ 178ನ್ನು ಗೆದ್ದು ವೀರೇಂದ್ರ ಪಾಟೀಲರು ಮುಖ್ಯಮಂತ್ರಿಯಾದರು. ಅಲ್ಲಿಗೆ ಲೌಕಿಕರ ಲೆಕ್ಕದಲ್ಲಿ ಈ ಮೊಕದ್ದಮೆಗೆ ಅರ್ಥವೇ ಉಳಿಯಲಿಲ್ಲ. ಗೆದ್ದರೂ ಕುರ್ಚಿ ಮರಳಿ ಬರುವಂತಿರಲಿಲ್ಲ. ಆದರೂ ಮೊಕದ್ದಮೆ ಸುಪ್ರೀಂ ಕೋರ್ಟಿನ ತನಕ ನಡೆಯಿತು. ನನ್ನ ಮಟ್ಟಿಗೆ ಅವರ ಬಾಳಿನ ಅತ್ಯಂತ ದೊಡ್ಡ ಸಂಗತಿ ಇದೇ. ತನಗೆ ಏನೂ ಸಿಗದು ಎಂದು ತಿಳಿದ ಮೇಲೂ ಒಂದು ಪ್ರಶ್ನೆಗೆ ಉತ್ತರ ಬೇಕು ಎಂದು ಪಟ್ಟು ಹಿಡಿಯುವುದು ಒಳ್ಳೆಯ ವಕೀಲನ ಗುಣ.

1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಕರ್ನಾಟಕದ ಜೊತೆಗೆ ನಾಗಾಲ್ಯಾಂಡ್, ಮೇಘಾಲಯ, ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶಗಳ ಪ್ರಕರಣಗಳೂ ಸೇರಿದ್ದವು. 1977ರಲ್ಲಿ ರಾಜಸ್ಥಾನದ ಮೊಕದ್ದಮೆಯಲ್ಲಿ ಇದೇ ನ್ಯಾಯಾಲಯ ಇಂಥ ವಿಷಯಗಳಿಗೆ ಬಾಗಿಲನ್ನು ತುಸು ಮಾತ್ರ ತೆರೆದಿಟ್ಟಿತ್ತು. ಈಗ ಪೂರ್ತಿ ತೆರೆಯಿತು. 356ರ ಘೋಷಣೆಯನ್ನು ನ್ಯಾಯಾಲಯ ಪರಿಶೀಲಿಸಬಹುದು. ಸಂಸತ್ತು ಒಪ್ಪುವ ಮೊದಲು ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ, ಅಮಾನತಿನಲ್ಲಿ ಇಡಬಹುದು ಅಷ್ಟೇ. ಘೋಷಣೆ ತಪ್ಪೆಂದು ಕಂಡರೆ ವಜಾ ಆದ ಸರಕಾರವನ್ನು ಮರಳಿ ತರಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಸರಕಾರಕ್ಕೆ ಬಹುಮತ ಇದೆಯೇ ಎಂಬುದನ್ನು ತೀರ್ಮಾನಿಸಬೇಕಾದ ಜಾಗ ರಾಜಭವನವಲ್ಲ, ಸದನ.

ಕರ್ನಾಟಕ, ಮೇಘಾಲಯ, ನಾಗಾಲ್ಯಾಂಡ್‌ಗಳಲ್ಲಿ ಆದದ್ದು ಸಂವಿಧಾನಬಾಹಿರ ಎಂದು ಪೀಠ ಹೇಳಿತು. ಉಳಿದ ಮೂರು ರಾಜ್ಯಗಳಲ್ಲಿ, 1992ರ ಡಿಸೆಂಬರಿನ ಅಯೋಧ್ಯೆಯ ಘಟನೆಯ ನಂತರ ನಡೆದ ವಜಾಗಳನ್ನು, ಜಾತ್ಯತೀತತೆ ಸಂವಿಧಾನದ ಮೂಲ ಲಕ್ಷಣವೆಂಬ ಕಾರಣದಿಂದ ಎತ್ತಿಹಿಡಿಯಿತು. ಹುಬ್ಬಳ್ಳಿಯ ವಕೀಲರು ಐದು ವರ್ಷಗಳ ಹಿಂದೆ ರಾಜಭವನದಲ್ಲಿ ಹೇಳಿದ ಮಾತೇ ಕೊನೆಗೆ ದೇಶದ ಕಾನೂನಾಯಿತು.

ತೀರ್ಪಿನ ಫಲ

1991ರ ಜನವರಿ 30ರಂದು ತಮಿಳುನಾಡಿನಲ್ಲಿ ಕರುಣಾನಿಧಿಯವರ ಸರಕಾರ ಮತ್ತೊಮ್ಮೆ ವಜಾ ಆಗಿತ್ತು. ರಾಜ್ಯಪಾಲ ಬರ್ನಾಲಾ ಅವರು ಬೇಕಾದ ವರದಿ ಕೊಡಲು ಒಪ್ಪದಿದ್ದರೂ ಅದು ನಡೆಯಿತು. 1994ರ ನಂತರ ಅಷ್ಟು ಸಲೀಸಾಗಿ ಕೈ ಹಾಕಲು ಕೇಂದ್ರಗಳು ಅಂಜಿದವು. ಪ್ರಯತ್ನಗಳು ನಿಲ್ಲಲಿಲ್ಲ, ಆದರೆ ಉತ್ತರ ಕೊಡಬೇಕಾಯಿತು. 2005ರಲ್ಲಿ ಬಿಹಾರದ ಹೊಸ ವಿಧಾನಸಭೆಯನ್ನು ಒಮ್ಮೆಯೂ ಸೇರಿಸದೆ ವಿಸರ್ಜಿಸಿದಾಗ ಸುಪ್ರೀಂ ಕೋರ್ಟು ಅದನ್ನು ಸಂವಿಧಾನಬಾಹಿರ ಎಂದಿತು. ಅದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ 1965. ಅಂದು ನಮಗೆ ಹೀಗೆಂದು ಹೇಳುವವರು ಇರಲಿಲ್ಲ. 2016ರಲ್ಲಿ ಉತ್ತರಾಖಂಡದಲ್ಲಿ, 2018ರಲ್ಲಿ ಕರ್ನಾಟಕದಲ್ಲೇ, ಬಹುಮತದ ವಾದವನ್ನು ಸದನದ ಅಂಗಳಕ್ಕೆ ತಳ್ಳಿದ್ದು ಇದೇ ತತ್ತ್ವ.

ಬೊಮ್ಮಾಯಿಯವರು 1990ರಿಂದ ಜನತಾದಳದ ಅಧ್ಯಕ್ಷರಾಗಿದ್ದು, 1996ರಿಂದ 1998ರವರೆಗೆ ದೇವೇಗೌಡ ಮತ್ತು ಗುಜ್ರಾಲ್ ಮಂತ್ರಿಮಂಡಲಗಳಲ್ಲಿ ಮಾನವ ಸಂಪನ್ಮೂಲ ಅಭಿವೃದ್ಧಿ ಸಚಿವರಾದರು. 2007ರ ಅಕ್ಟೋಬರ್ 10ರಂದು ತೀರಿಕೊಂಡರು. ಅವರ ಮಗ ಬಸವರಾಜ ಬೊಮ್ಮಾಯಿಯವರು 2021ರಿಂದ 2023ರವರೆಗೆ ಕರ್ನಾಟಕದ ಮುಖ್ಯಮಂತ್ರಿಯಾಗಿದ್ದರು.

ಅವರು ಗಡಿನಾಡಿಗಾಗಿ ಏನು ಮಾಡಿದರು ಎಂದು ಓದುಗರು ಕೇಳಬಹುದು. ಈ ತೀರ್ಪಿನಲ್ಲಿ ಕಾಸರಗೋಡಿನ ಮಾತಿಲ್ಲ, ಕನ್ನಡ ಶಾಲೆಯ ಮಾತಿಲ್ಲ. ಬಹುಮತದ ತಲೆಯೆಣಿಕೆಯಿಂದ ಅಲ್ಪಸಂಖ್ಯಾತನಿಗೆ ಏನು ಬಂತು ಎಂದೂ ಕೇಳಬಹುದು. ನನ್ನ ಉತ್ತರ ಇಷ್ಟೇ. ದೊಡ್ಡ ಗುಂಪಿನವರಿಗೆ ಸದನ ಮುಚ್ಚಿದರೂ ಬೇರೆ ದಾರಿಗಳಿವೆ. ಮಂತ್ರಿಗಳ ಪರಿಚಯವಿದೆ, ಪತ್ರಿಕೆಗಳಿವೆ, ರಾಜಧಾನಿಯಲ್ಲಿ ನೆಂಟರಿದ್ದಾರೆ. ನಮ್ಮಲ್ಲಿ ಇರುವುದು ಒಂದೋ ಎರಡೋ ಕ್ಷೇತ್ರ, ಅಲ್ಲಿಂದ ಹೋಗುವ ಒಬ್ಬರೋ ಇಬ್ಬರೋ ಶಾಸಕರು. ಆ ಶಾಸಕನ ಕೈ ಎತ್ತಿಸಿ ಬಹಿರಂಗವಾಗಿ ಎಣಿಸಲೇಬೇಕು ಎಂದಾದಾಗ ಆತನ ಬಳಿಗೆ ದೊಡ್ಡವರೂ ಬರಬೇಕಾಗುತ್ತದೆ. ಆತನ ಜೊತೆಗೆ ನಮ್ಮ ಅರ್ಜಿಯನ್ನೂ ಓದಬೇಕಾಗುತ್ತದೆ. ಎಣಿಕೆ ರಾಜ್ಯಪಾಲರ ಕೋಣೆಯಲ್ಲಿ ನಡೆದರೆ ಮೊದಲು ಲೆಕ್ಕ ತಪ್ಪುವುದು ನಮ್ಮದೇ. 1959ರಲ್ಲಿ ಮಂಜೇಶ್ವರಕ್ಕೆ ಆದದ್ದು ಅದು.

ನಮ್ಮ ಮಕ್ಕಳು ಈಗ ಕಾನೂನು ಕಲಿಯಲು ಮಂಗಳೂರಿಗೂ ಕಣ್ಣೂರಿಗೂ ಹೋಗುತ್ತಿದ್ದಾರೆ. ಅಲ್ಲಿ ಅವರು ಯಾವ ಭಾಷೆಯಲ್ಲಿ ಓದಿದರೂ ಸಂವಿಧಾನದ ಪಾಠದಲ್ಲಿ ಈ ಕನ್ನಡ ಹೆಸರನ್ನು ಬರೆದೇ ಬರೆಯುತ್ತಾರೆ. ಬರೆಯುವಾಗ ಅದರ ಹಿಂದಿರುವ ಹುಬ್ಬಳ್ಳಿಯ ಕಥೆಯ ಜೊತೆಗೆ ನಮ್ಮ 1959ನ್ನೂ 1965ನ್ನೂ ಅವರಿಗೆ ಹೇಳಿಕೊಡುವುದು ಮನೆಯ ಹಿರಿಯರ ಕೆಲಸ.