ಡಂಗುರ ಯಾರ ಕೈಯಲ್ಲಿದೆ? ಸಣ್ಣ ವ್ಯಾಪಾರದ ಪ್ರಚಾರ ನಡೆದು ಬಂದ ದಾರಿ

ನಮ್ಮ ಬಳಗದ ಗೆಳತಿಯೊಬ್ಬಳ ಚಿಕ್ಕಮ್ಮ ಹಲಸಿನ ಹಪ್ಪಳ ಮಾಡಿ ಮಾರುತ್ತಾರೆ. ಮಲೆನಾಡಿನ ಸಣ್ಣ ಊರು. ಮನೆಯಂಗಳವೇ ಕಾರ್ಖಾನೆ, ವಾಟ್ಸಾಪ್ ಸ್ಟೇಟಸ್ಸೇ ಅಂಗಡಿ ಬೋರ್ಡು. ಕಳೆದ ಬೇಸಿಗೆಯಲ್ಲಿ ಪೇಟೆಯ ಏಜೆಂಟನೊಬ್ಬ ಅವರಿಗೆ ಫೋನ್ ಮಾಡಿದ. ಹತ್ತು ಸಾವಿರ ಕೊಟ್ಟರೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಎರಡರಲ್ಲೂ ಹಪ್ಪಳದ ಸುದ್ದಿಯನ್ನು ಲಕ್ಷ ಜನಕ್ಕೆ ಮುಟ್ಟಿಸುತ್ತೇನೆ ಎಂದ. ಚಿಕ್ಕಮ್ಮ ಸ್ವಸಹಾಯ ಸಂಘದಲ್ಲಿ ಸಾಲ ಕೇಳುವ ಯೋಚನೆಯಲ್ಲಿದ್ದರು.

"ಸ್ಟೇಟಸ್ ನೂರಿಪ್ಪತ್ತು ಜನ ನೋಡ್ತಾರೆ. ಹಪ್ಪಳ ಬೇಕು ಅನ್ನೋರು ನಾಲ್ಕೇ ಜನ. ಸಾಲ ಮಾಡ್ಲೋ ಬೇಡ್ವೋ? ಓದಿದೋರು ನೀವೇ ಹೇಳಿ" ಎಂದು ನಮ್ಮನ್ನೇ ಕೇಳಿದರು.

ನಮಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಪತ್ರಿಕೋದ್ಯಮ ತರಗತಿಯಲ್ಲಿ ಜಾಹೀರಾತಿನ ಪಾಠ ಓದಿದ್ದೆವು, ಆದರೆ ಅದೆಲ್ಲ ದೊಡ್ಡ ಕಂಪನಿಗಳ ಕತೆ. ಹತ್ತು ಸಾವಿರವೆಂದರೆ ಹಪ್ಪಳ ಮಾಡುವವರಿಗೆ ಒಂದು ಹಂಗಾಮಿನ ಲಾಭವೇ ಹೋದಂತೆ. ಸುಮ್ಮನೆ ಬಾಯಿಗೆ ಬಂದದ್ದು ಹೇಳುವ ಬದಲು, ಸಣ್ಣ ವ್ಯಾಪಾರಿ ತನ್ನ ಸುದ್ದಿಯನ್ನು ಜನಕ್ಕೆ ಹೇಗೆ ಮುಟ್ಟಿಸುತ್ತ ಬಂದ ಎಂದು ಹಿಂದಿನಿಂದ ನೋಡಿಕೊಂಡು ಬಂದೆವು. ಆ ದಾರಿಯಲ್ಲೇ ಉತ್ತರ ಸಿಕ್ಕಿತು.

ಹಲಗೆಯ ಸದ್ದು

ನಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ ಸುದ್ದಿ ಎಂದರೆ ಡಂಗುರ. ಹಲಗೆ ಬಡಿಯುತ್ತ ಓಣಿ ಓಣಿ ತಿರುಗಿ "ಕೇಳ್ರಪ್ಪೋ ಕೇಳಿ" ಎಂದು ಸಾರಬೇಕು. ಜಾತ್ರೆ, ಕಂದಾಯ, ಸಂತೆಯ ದಿನ ಬದಲಾದದ್ದು, ಎಲ್ಲವೂ ಹಾಗೇ ಗೊತ್ತಾಗುತ್ತಿತ್ತು. ಇದನ್ನು ಬರೀ ಚೆಂದದ ನೆನಪು ಎಂದು ಬರೆದರೆ ತಪ್ಪಾಗುತ್ತದೆ. ಹಲಗೆ ಬಡಿಯುವ ಕೆಲಸವನ್ನು ಜಾತಿಯ ಹೆಸರಿನಲ್ಲಿ ಕೆಲವೇ ಮನೆಗಳ ಮೇಲೆ ಹೊರಿಸಲಾಗಿತ್ತು. ಕೂಲಿಯಾಗಿ ಸಿಗುತ್ತಿದ್ದದ್ದು ಸುಗ್ಗಿಯಲ್ಲಿ ಒಂದಿಷ್ಟು ಕಾಳು. ಊರಿಗೆಲ್ಲ ಕೇಳುವಂತೆ ಕೂಗುವವನ ಸ್ವಂತ ಮಾತನ್ನು ಊರು ಕೇಳುತ್ತಿರಲಿಲ್ಲ.

ವ್ಯಾಪಾರಿಗೆ ಡಂಗುರದ ಅಗತ್ಯ ಕಡಿಮೆ ಇತ್ತು. ಸಂತೆಯೇ ಅವನ ಪ್ರಚಾರ. ಮೆಣಸಿನಕಾಯಿಯನ್ನು ಕೈಯಲ್ಲಿ ಹಿಡಿದು, ಮುರಿದು, ಮೂಸಿ ನೋಡಿ ಕೊಳ್ಳುವ ಗಿರಾಕಿ ಎದುರಿಗೇ ನಿಂತಿರುತ್ತಿದ್ದ. ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡ ಮೇಲೇ ತಕ್ಕಡಿ ಏಳುತ್ತಿತ್ತು. ಈ ವಾರ ಮೋಸ ಮಾಡಿದರೆ ಮುಂದಿನ ವಾರ ಅದೇ ಜಾಗದಲ್ಲಿ ಕೂತು ಬೈಸಿಕೊಳ್ಳಬೇಕು. ಈ ಲೆಕ್ಕ ಇಬ್ಬರಿಗೂ ಗೊತ್ತಿತ್ತು.

ಒಂಟೆಯ ಮೇಲೆ ಸೋಪು

ಊರಾಚೆಗೆ, ಮುಖ ನೋಡದ ಗಿರಾಕಿಗೆ ಮಾರಬೇಕಾದಾಗ ಪ್ರಚಾರ ಬೇರೆಯೇ ಕೆಲಸವಾಯಿತು. ಇದಕ್ಕೆ ನಮ್ಮ ನಾಡಿನದೇ ದೊಡ್ಡ ಉದಾಹರಣೆ ಮೈಸೂರು ಸ್ಯಾಂಡಲ್ ಸೋಪು. ಮೊದಲ ಮಹಾಯುದ್ಧ ಶುರುವಾಗಿ ಮೈಸೂರಿನ ಗಂಧದ ಮರ ಹೊರದೇಶಕ್ಕೆ ಹೋಗುವುದು ನಿಂತಿತು. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲ, ಸರ್ ಎಂ. ವಿಶ್ವೇಶ್ವರಯ್ಯ ದಿವಾನರು. 1916ರಲ್ಲಿ ಗಂಧದ ಎಣ್ಣೆಯನ್ನು ಇಲ್ಲೇ ತೆಗೆಯುವ ಕೆಲಸ ಆರಂಭವಾಯಿತು, ಅದೇ ಎಣ್ಣೆ ಮುಂದೆ ಸೋಪಿಗೂ ಬಂತು. ಸೋಪಿನ ಚಿತ್ರವನ್ನು ಟ್ರಾಮ್ ಟಿಕೆಟಿನ ಮೇಲೆ, ಬೆಂಕಿಪೊಟ್ಟಣದ ಮೇಲೆ ಅಚ್ಚು ಹಾಕಿಸಿದರು. ಕರಾಚಿಯಲ್ಲಿ ಒಂಟೆಗಳ ಮೆರವಣಿಗೆಯನ್ನೂ ಮಾಡಿಸಿದರು.

ಆದರೆ ಅದರ ಹಿಂದೆ ಒಂದು ಸಂಸ್ಥಾನದ ಖಜಾನೆ ಇತ್ತು. ಹಪ್ಪಳದವರಿಗೆ ಎಲ್ಲಿಯ ಒಂಟೆ? ಸಣ್ಣವರಿಗೆ ಸಿಕ್ಕಿದ್ದು ಗೋಡೆಬರಹ, ಟೂರಿಂಗ್ ಟಾಕೀಸಿನ ಸ್ಲೈಡು, ಆಟೋಗೆ ಕಟ್ಟಿದ ಮೈಕು, ಪೇಪರಿನ ಒಳಗಿಟ್ಟು ಹಂಚುವ ಕರಪತ್ರ, ಹೊಸ ವರ್ಷಕ್ಕೆ ದೇವರ ಫೋಟೊ ಇರುವ ಕ್ಯಾಲೆಂಡರು. 1967ರಲ್ಲಿ ವಿವಿಧ ಭಾರತಿಯಲ್ಲಿ ಜಾಹೀರಾತು ಶುರುವಾದಾಗಲೂ ಅದು ಕಾಸಿದ್ದವರ ಪಾಲಾಯಿತು.

ಈ ಎಲ್ಲದರಲ್ಲೂ ಒಂದು ನಿಯಮ ಇತ್ತು. ಕೂಗುವ ಸಾಧನ ಬೇರೆಯವರದು, ಬಾಡಿಗೆ ಕೊಟ್ಟಷ್ಟು ದಿನ ನಮ್ಮದು. ಗೋಡೆಗೆ ಸುಣ್ಣ ಬಳಿದ ದಿನ ನಮ್ಮ ಹೆಸರೂ ಅಳಿಯಿತು. ಇದು ಎಲ್ಲರಿಗೂ ಗೊತ್ತಿದ್ದರಿಂದ ಯಾರೂ ಗೋಡೆಯನ್ನೇ ನಂಬಿ ಕೂರುತ್ತಿರಲಿಲ್ಲ.

ಪುಕ್ಕಟೆ ಡಂಗುರ

ವಾಟ್ಸಾಪ್ ಹುಟ್ಟಿದ್ದು 2009ರಲ್ಲಿ, ಅಮೆರಿಕದಲ್ಲಿ. ನಮ್ಮ ಹಳ್ಳಿಗಳಿಗೆ ಅದು ನಿಜವಾಗಿ ಬಂದದ್ದು 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಶುರುವಾಗಿ ಡೇಟಾ ಅಗ್ಗವಾದ ಮೇಲೆ. ತಿಂಗಳಿಗೆ ಒಂದು ಜಿಬಿ ಹಾಕಿಸಿಕೊಂಡು ಜೋಪಾನ ಮಾಡುತ್ತಿದ್ದವರು ದಿನಕ್ಕೊಂದು ಜಿಬಿ ಖರ್ಚು ಮಾಡತೊಡಗಿದರು. ಅದೇ ವರ್ಷ ಯುಪಿಐ ಕೂಡ ಬಂದಿತ್ತು. 2017ರ ಫೆಬ್ರುವರಿಯಲ್ಲಿ 24 ಗಂಟೆಗೆ ಮಾಯವಾಗುವ ಫೋಟೊ ಸ್ಟೇಟಸ್, 2018ರ ಜನವರಿಯಲ್ಲಿ ಅಂಗಡಿಯವರಿಗೆಂದೇ ವಾಟ್ಸಾಪ್ ಬಿಸಿನೆಸ್. ಸೀರೆ, ಕೋಳಿಮರಿ, ಜೇನುತುಪ್ಪ, ರೊಟ್ಟಿ, ಎಲ್ಲಕ್ಕೂ ಅಂಗೈಯಲ್ಲೇ ಅಂಗಡಿ.

ಮೊದಲ ಬಾರಿಗೆ ಡಂಗುರಕ್ಕೆ ಬಾಡಿಗೆ ಇರಲಿಲ್ಲ. ಮನೆಯಿಂದ ಹೊರಬೀಳಲಾಗದ ಹೆಣ್ಣುಮಕ್ಕಳಿಗೆ, ಮುಖ್ಯರಸ್ತೆಯಲ್ಲಿ ಮಳಿಗೆ ಹಿಡಿಯಲಾಗದವರಿಗೆ ಇದು ಸಣ್ಣ ಸಂಗತಿಯಲ್ಲ. ಹಿಂದೆ ಬೇರೆಯವರ ಸುದ್ದಿಯನ್ನಷ್ಟೇ ಕೂಗಬೇಕಿದ್ದ ಮನೆಯ ಮಕ್ಕಳೂ ಈಗ ತಮ್ಮ ಸುದ್ದಿಯನ್ನು ತಾವೇ ಹೇಳಬಹುದು. ಇದನ್ನು ನಾವು ಮನಸಾರೆ ಒಪ್ಪುತ್ತೇವೆ.

ಬಾಡಿಗೆ ಇರಲಿಲ್ಲ ನಿಜ, ಆದರೆ ಡಂಗುರ ನಮ್ಮದಾಗಿರಲಿಲ್ಲ. ಅದು ಒಂದೊಂದಾಗಿ ಗೊತ್ತಾಯಿತು.

2018ರ ಜನವರಿಯಲ್ಲಿ ಫೇಸ್‌ಬುಕ್ ತನ್ನ ಲೆಕ್ಕ ಬದಲಿಸಿತು. ಇನ್ನು ಮೇಲೆ ಗೆಳೆಯರ, ಮನೆಯವರ ಪೋಸ್ಟುಗಳೇ ಹೆಚ್ಚು ಕಾಣುತ್ತವೆ, ವ್ಯಾಪಾರದ ಪೇಜುಗಳು ಕಡಿಮೆ ಎಂದು ಹೇಳಿತು. ಪೇಜ್ ಕಟ್ಟಿ ಸಾವಿರಾರು ಲೈಕ್ ಕೂಡಿಸಿದವರಿಗೆ, ಅದೇ ಜನಕ್ಕೆ ತಮ್ಮ ಸುದ್ದಿ ಮುಟ್ಟಿಸಲು ದುಡ್ಡು ಕೊಡುವ ಕಾಲ ಬಂತು. ಏಜೆಂಟರು ಹೇಳುವ 'ಬೂಸ್ಟ್' ಎಂದರೆ ಇದೇ.

ಅದೇ ವರ್ಷ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಎಂಬ ಊರಿನ ಹತ್ತಿರ ಒಬ್ಬ ಯುವಕನನ್ನು ಗುಂಪು ಹೊಡೆದು ಕೊಂದಿತು. ಕಾರಣ, ಮಕ್ಕಳ ಕಳ್ಳರು ಬಂದಿದ್ದಾರೆ ಎಂದು ವಾಟ್ಸಾಪಿನಲ್ಲಿ ಹರಿದಾಡಿದ ಸುಳ್ಳು. ದೇಶದ ಹಲವು ಕಡೆ ಇಂಥ ಸಾವುಗಳಾಗಿದ್ದವು. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಫಾರ್ವರ್ಡ್ ಮಾಡದಂತೆ ಮಿತಿ ಹಾಕಿತು. ಹಪ್ಪಳದ ಸುದ್ದಿಯೂ ಸುಳ್ಳು ಸುದ್ದಿಯೂ ಒಂದೇ ಕೊಳವೆಯಲ್ಲಿ ಬರುತ್ತಿದ್ದವು. ಫೋನಿನಲ್ಲಿ ಬಂದದ್ದನ್ನೆಲ್ಲ ನಂಬಬಾರದು ಎಂದು ಜನ ಕಲಿತರು. ಕಲಿಯಬೇಕಿತ್ತು ಕೂಡ. ಅಂದಮೇಲೆ ಗುರುತಿಲ್ಲದ ನಂಬರಿನಿಂದ ಬಂದ ಹಪ್ಪಳವನ್ನು ಯಾಕೆ ನಂಬಬೇಕು?

ಲಾಕ್‌ಡೌನ್ ಕಲಿಸಿದ್ದು

2020ರ ಮಾರ್ಚ್ ಕೊನೆಗೆ ಲಾಕ್‌ಡೌನ್. ಸಂತೆ ನಿಂತಿತು. ಆಗ ಎಷ್ಟೋ ರೈತರು ಮೊದಲ ಬಾರಿಗೆ ಫೋನಿನ ಕ್ಯಾಮೆರಾ ಎದುರು ನಿಂತರು. ಚಿತ್ರದುರ್ಗ ಜಿಲ್ಲೆಯಲ್ಲಿ ಈರುಳ್ಳಿ ಬೆಳೆದ ಮಹಿಳೆಯೊಬ್ಬರು ಕೊಳ್ಳುವವರಿಲ್ಲದ ಬೆಳೆಯ ಕಷ್ಟ ಹೇಳಿಕೊಂಡ ವಿಡಿಯೊ ನಾಡೆಲ್ಲ ಹರಿದಾಡಿತು. ಮುಖ್ಯಮಂತ್ರಿಯಾಗಿದ್ದ ಬಿ.ಎಸ್. ಯಡಿಯೂರಪ್ಪ ಅವರೇ ಅವರಿಗೆ ಫೋನ್ ಮಾಡಿ ಮಾತಾಡಿದರು. ಆದರೆ ಪ್ರತಿ ರೈತರ ವಿಡಿಯೊ ಹಾಗೆ ಹರಿಯುವುದಿಲ್ಲ.

ಅದೇ ವರ್ಷ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿತು. ನಿಷೇಧ ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ಟಿಕ್‌ಟಾಕ್‌ನಲ್ಲಿ ಹೆಸರು ಕಟ್ಟಿಕೊಂಡಿದ್ದ ಹಳ್ಳಿಯ ಟೈಲರು, ಅಡುಗೆಯವರು, ಗಿಡ ಮಾರುವವರು ತಮ್ಮ ಗಿರಾಕಿಗಳನ್ನೆಲ್ಲ ಒಂದೇ ಸಲ ಕಳೆದುಕೊಂಡರು. ಯಾರ ನಂಬರೂ ಅವರ ಬಳಿ ಇರಲಿಲ್ಲ.

ಅಕ್ಟೋಬರ್‌ನಲ್ಲಿ ದೆಹಲಿಯ ಮಾಳವೀಯ ನಗರದ 'ಬಾಬಾ ಕಾ ಢಾಬಾ' ದೇಶಕ್ಕೆಲ್ಲ ಗೊತ್ತಾಯಿತು. ವ್ಯಾಪಾರವಿಲ್ಲದೆ ಕಣ್ಣೀರು ಹಾಕಿದ ಮುದುಕ ದಂಪತಿಯ ವಿಡಿಯೊ ನೋಡಿ ಜನ ಸಾಲುಗಟ್ಟಿದರು. ಆ ಉತ್ಸಾಹದಲ್ಲಿ ವರ್ಷಾಂತ್ಯಕ್ಕೆ ಹೊಸ ಹೋಟೆಲ್ ತೆರೆಯಿತು. ಖರ್ಚು ಹುಟ್ಟದೆ ಕೆಲವೇ ತಿಂಗಳಲ್ಲಿ ಅದನ್ನು ಮುಚ್ಚಿ, ಹಳೇ ಗೂಡಂಗಡಿಗೇ ಮರಳಿದರು. ನೋಡಲು ಬಂದ ಜನ ಬೇರೆ, ದಿನಾ ಊಟಕ್ಕೆ ಬರುವ ಜನ ಬೇರೆ.

ಬಾಕಾಹು

ಹಾಗಾದರೆ ಗೆದ್ದವರೇ ಇಲ್ಲವೇ? ಇದ್ದಾರೆ, ಅದೂ ನಮ್ಮಲ್ಲೇ.

2021ರ ಎರಡನೇ ಲಾಕ್‌ಡೌನ್‌ನಲ್ಲಿ ಬಾಳೆಕಾಯಿಗೆ ಬೆಲೆಯಿಲ್ಲ. ತೋಟದಲ್ಲೇ ಗೊನೆ ಕೊಳೆಯುತ್ತಿತ್ತು. ಪುತ್ತೂರಿನಿಂದ ಬರುವ 'ಅಡಿಕೆ ಪತ್ರಿಕೆ' 1988ರಿಂದ ರೈತರ ಕೈಗೇ ಲೇಖನಿ ಕೊಟ್ಟು ಬರೆಸಿದ ಪತ್ರಿಕೆ. ಅದರ ಸಂಪಾದಕ ಶ್ರೀಪಡ್ರೆ ಅವರ ಮುಂದಾಳತ್ವದಲ್ಲಿ ವಾಟ್ಸಾಪ್ ಗುಂಪಿನಲ್ಲಿ ಒಂದು ಮಾತು ಶುರುವಾಯಿತು: ಬಾಳೆಕಾಯಿಯನ್ನು ಹುಡಿ ಮಾಡೋಣ. ಕೇರಳದಲ್ಲಿ ಕೂಸುಗಳಿಗೆ ಬಾಳೆಕಾಯಿ ಹುಡಿಯ ಗಂಜಿ ಕುಡಿಸುವುದು ಹಳೆಯ ರೂಢಿ. ಬಲಿತ ಕಾಯಿಯನ್ನು ತೆಳ್ಳಗೆ ಹೆಚ್ಚಿ, ಕಪ್ಪಾಗದಂತೆ ಮಜ್ಜಿಗೆ ನೀರಿಗೋ ಗಂಜಿ ತಿಳಿಗೋ ಹಾಕಿ ತೆಗೆದು, ಒಣಗಿಸಿ ಪುಡಿ ಮಾಡಿದರೆ ಆಯಿತು. ಬಾಳೆಕಾಯಿ ಹುಡಿಗೆ ಗಿಡ್ಡ ಹೆಸರಿಟ್ಟರು, ಬಾಕಾಹು.

ದಕ್ಷಿಣ ಕನ್ನಡ, ಉತ್ತರ ಕನ್ನಡದ ಹೆಣ್ಣುಮಕ್ಕಳು ಹುಡಿಯ ಪ್ಯಾಕೆಟ್ಟಿನ ಫೋಟೊ ಹಾಕಿ "ಕೊಳ್ಳಿ" ಎನ್ನಲಿಲ್ಲ. ಅದರಲ್ಲಿ ದೋಸೆ ಮಾಡಿದರು, ಗುಲಾಬ್ ಜಾಮೂನು ಮಾಡಿದರು, ಆ ಫೋಟೊ ಹಾಕಿದರು. ನೋಡಿದವರು ತಾವೂ ಮಾಡಿ, ತಮ್ಮ ಫೋಟೊ ಹಾಕಿದರು. ಬೇಡಿಕೆ ಬಂತು. 2021ರ ಜುಲೈ 25ರ 'ಮನ್ ಕಿ ಬಾತ್'ನಲ್ಲಿ ಪ್ರಧಾನಿ ನರೇಂದ್ರ ಮೋದಿ ಅವರೂ ಈ ಮಹಿಳೆಯರ ಕೆಲಸವನ್ನು ಹೇಳಿದರು.

ಗಮನಿಸಿ, ಇಲ್ಲಿ ಬೂಸ್ಟ್ ಇರಲಿಲ್ಲ, ಏಜೆಂಟ್ ಇರಲಿಲ್ಲ. ಇದ್ದದ್ದು ಮೊದಲೇ ಒಬ್ಬರನ್ನೊಬ್ಬರು ನಂಬುತ್ತಿದ್ದ ಜನ. ಆ ನಂಬಿಕೆಯನ್ನು ಆ್ಯಪ್ ಹುಟ್ಟಿಸಲಿಲ್ಲ. ಅದರ ಹಿಂದೆ ಒಂದು ಪತ್ರಿಕೆಯ ಮೂವತ್ತು ವರ್ಷಕ್ಕೂ ಮೀರಿದ ಕೆಲಸ ಇತ್ತು. ವಾಟ್ಸಾಪ್ ಅದನ್ನು ಬೇಗ ಓಡಿಸಿತು, ಅಷ್ಟೆ. ಸಂತೆಯಲ್ಲಿ ಬೆಲ್ಲದ ಚೂರು ಬಾಯಿಗೆ ಹಾಕಿ ತೋರಿಸಿದ ಹಾಗೆ, ಇವರು ದೋಸೆ ಹುಯ್ದು ತೋರಿಸಿದರು.

ಅದೇ ವರ್ಷ ಅಕ್ಟೋಬರ್ 4ರ ರಾತ್ರಿ ಒಂಬತ್ತು ದಾಟಿದ ಮೇಲೆ ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಮೂರೂ ಒಟ್ಟಿಗೆ ನಿಂತವು. ಮೂರಕ್ಕೂ ಒಬ್ಬನೇ ಯಜಮಾನ. ಸುಮಾರು ಆರು ಗಂಟೆ ಜಗತ್ತಿನಾದ್ಯಂತ ಅಂಗಡಿಗಳ ಬಾಗಿಲು ಹಾಕಿದ ಹಾಗಾಯಿತು. ನಮಗೆ ರಾತ್ರಿಯಾದ್ದರಿಂದ ಬಿಸಿ ಹೆಚ್ಚು ತಟ್ಟಲಿಲ್ಲ.

ಚಿಕ್ಕಮ್ಮನಿಗೆ ಕೊಟ್ಟ ಉತ್ತರ

ಇಷ್ಟನ್ನೂ ನೋಡಿದ ಮೇಲೆ ನಾವು ಚಿಕ್ಕಮ್ಮನಿಗೆ ಹೇಳಿದೆವು: ಸ್ಟೇಟಸ್ ಬಿಡಬೇಡಿ, ಸಾಲ ಮಾಡಬೇಡಿ. ಮೊದಲು ಒಂದು ನೋಟ್‌ಬುಕ್ ತನ್ನಿ.

ಒಂದು ಭಾನುವಾರ ಕೂತು, ಇದುವರೆಗೆ ಹಪ್ಪಳ ಕೊಂಡವರ ಹೆಸರು, ಊರು, ನಂಬರು ಬರೆದೆವು. ಕೆಲವು ಫೋನಿನಲ್ಲಿದ್ದವು, ಕೆಲವು ಕ್ಯಾಲೆಂಡರಿನ ಹಿಂದೆ, ಕೆಲವು ಚಿಕ್ಕಮ್ಮನ ತಲೆಯಲ್ಲಿ. "ಇವ್ರ ಮಗಳು ಬಾಣಂತನಕ್ಕೆ ಬಂದಿದ್ಲು, ಖಾರ ಕಮ್ಮಿ ಹಾಕಿ ಅಂದಿದ್ರು" ಎಂಬಂಥ ಮಾತೂ ಬಂತು. ಅದನ್ನೂ ಬರೆದೆವು. ಯಾವ ಆ್ಯಪಿನಲ್ಲೂ ಆ ಸಾಲು ಸಿಗುವುದಿಲ್ಲ.

ಆಮೇಲೆ ಅವರಿಗೆಲ್ಲ ಚಿಕ್ಕಮ್ಮನೇ ಫೋನ್ ಮಾಡಿ, "ನನ್ನ ನಂಬರ್ ಸೇವ್ ಮಾಡ್ಕೊಳ್ಳಿ" ಎಂದು ಕೇಳಿಕೊಂಡರು. ಇದಕ್ಕೆ ಕಾರಣ ಇದೆ. ವಾಟ್ಸಾಪಿನ ಬ್ರಾಡ್‌ಕಾಸ್ಟ್ ಪಟ್ಟಿಯಿಂದ ಕಳಿಸಿದ ಸಂದೇಶ, ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಹಣ ಬರುವಾಗ ಯುಪಿಐ ಪಿನ್ ಒತ್ತಬೇಕಾಗಿಲ್ಲ ಎಂಬುದನ್ನೂ ಹೇಳಿಕೊಟ್ಟೆವು. ಗಿರಾಕಿಯ ವೇಷದಲ್ಲಿ ಕ್ಯೂಆರ್ ಕೋಡ್ ಕಳಿಸಿ ದೋಚುವವರಿದ್ದಾರೆ. ಸ್ಟೇಟಸ್ಸಿನಲ್ಲಿ ಈಗ ಪ್ಯಾಕೆಟ್ಟಿನ ಬದಲು ಹಲಸಿನ ತೊಳೆ ಬಿಡಿಸುವುದು, ಹಪ್ಪಳ ಒತ್ತುವುದು, ಬಿಸಿಲಿಗೆ ಹಾಕುವುದು, ತೂಕ, ಬೆಲೆ ಎಲ್ಲ ಕಾಣುತ್ತದೆ.

ಲಕ್ಷ ಜನರೇನೂ ಬರಲಿಲ್ಲ. ಹಳೇ ಗಿರಾಕಿಗಳಲ್ಲಿ ಎಷ್ಟೋ ಜನ ಮತ್ತೆ ತರಿಸಿಕೊಂಡರು, ಕೆಲವರು ಅಕ್ಕಪಕ್ಕದವರಿಗೂ ಹೇಳಿದರು. ಮಳೆ ಹಿಡಿಯುವ ಹೊತ್ತಿಗೆ ಡಬ್ಬಿ ಖಾಲಿ. ಇಲ್ಲಿ ಸಾಲದ ಕಂತು ಇಲ್ಲ ಎಂಬುದೇ ದೊಡ್ಡ ಲಾಭ.

ಡಂಗುರ ಇನ್ನೂ ಬದಲಾಗುತ್ತದೆ. ನಾಳೆ ಯಾವ ಆ್ಯಪ್ ಬರುತ್ತದೋ, ಯಾವುದು ಹೋಗುತ್ತದೋ, ನಮ್ಮ ಕೈಯಲ್ಲಿಲ್ಲ. ಬಂದದ್ದನ್ನು ಬಳಸೋಣ, ಆದರೆ ಗಿರಾಕಿಯ ಹೆಸರು ನಮ್ಮ ಪುಸ್ತಕದಲ್ಲಿರಲಿ, ನಮ್ಮ ಹೆಸರು ಗಿರಾಕಿಯ ನಂಬಿಕೆಯಲ್ಲಿರಲಿ. ನೀವೂ ಏನಾದರೂ ಮಾಡಿ ಮಾರುತ್ತಿದ್ದರೆ, ಈ ಬರಹ ಮುಗಿಸಿ ಫೋನ್ ಕೆಳಗಿಡಿ. ಒಂದು ನೋಟ್‌ಬುಕ್ ಹುಡುಕಿ, ಮೊದಲ ಹತ್ತು ಹೆಸರು ಇವತ್ತೇ ಬರೆದುಬಿಡಿ.