ಬಾಟಲಿ ಗೋವಾದ್ದು, ಬಿಸಿಲು ಇಂಗಳೇಶ್ವರದ್ದು

ಇಂಗಳೇಶ್ವರದಲ್ಲಿ ಈಗ ಎಷ್ಟು ಡಿಗ್ರಿ ಅಂತ ಮೊಬೈಲ್‌ನಲ್ಲಿ ಹುಡುಕಿದ್ರೆ ಥಟ್ಟಂತ ಒಂದು ಸಂಖ್ಯೆ ಬರುತ್ತೆ. ಅದು ಬಸವನ ಬಾಗೇವಾಡಿ ಪಕ್ಕದ ಆ ಊರಲ್ಲಿ ಯಾರೋ ಥರ್ಮಾಮೀಟರ್ ನೋಡಿ ಹೇಳಿದ್ದು ಅಂದ್ಕೋಬೇಡಿ. ಹೆಚ್ಚಿನ ಆ್ಯಪ್‌ಗಳು ಬೇರೆ ಕೇಂದ್ರಗಳ ಅಳತೆ, ಉಪಗ್ರಹದ ಮಾಹಿತಿ ಇಟ್ಟುಕೊಂಡು ಕಂಪ್ಯೂಟರ್‌ನಲ್ಲಿ ಅಂದಾಜು ಕಟ್ಟುತ್ತವೆ. ಇವತ್ತು ಕೊಡೆ ಹಿಡೀಬೇಕಾ, ಬೇಡವಾ ಅನ್ನೋಕೆ ಅಷ್ಟು ಸಾಕು. ‘ಅಜ್ಜನ ಕಾಲಕ್ಕಿಂತ ನಮ್ಮೂರು ಎಷ್ಟು ಕಾದಿದೆ?’ ಅಂತ ಕೇಳಿದ್ರೆ ಮಾತ್ರ ಅಂದಾಜು ಸಾಲದು, ಹಳೆಯ ದಾಖಲೆ ಬೇಕು.

ಇಂಗಾಲದ ಡೈಆಕ್ಸೈಡ್ ವಿಷಯದಲ್ಲಿ ನಮಗೆ ಒಂದು ಅನುಕೂಲವಿದೆ. (ಹಳಗನ್ನಡದಲ್ಲಿ ಇಂಗಳ ಅಂದ್ರೆ ಕೆಂಡ. ಊರಿನ ಹೆಸರಿಗೂ ಅದಕ್ಕೂ ನಾನು ಗಂಟು ಹಾಕ್ತಿಲ್ಲ, ಕಿವಿಗೆ ಚೆನ್ನಾಗಿದೆ ಅಷ್ಟೇ.) ಈ ಅನಿಲ ಗಾಳಿಯಲ್ಲಿ ಬಹುಕಾಲ ಉಳಿದು ಭೂಮಿಯ ಸುತ್ತ ಬೆರೆಯುತ್ತೆ. ಹಾಗಾಗಿ 1958ರಲ್ಲಿ ಚಾರ್ಲ್ಸ್ ಡೇವಿಡ್ ಕೀಲಿಂಗ್ ಹವಾಯಿಯ ಮೌನಾ ಲೋವಾ ಪರ್ವತದಲ್ಲಿ ಶುರು ಮಾಡಿದ ಅಳತೆ ನಮಗೂ ಹೆಚ್ಚುಕಡಿಮೆ ಹೊಂದುತ್ತೆ. ಆಗ 10 ಲಕ್ಷಕ್ಕೆ ಸುಮಾರು 315 ಭಾಗ ಇತ್ತು, 2024ರಲ್ಲಿ 420 ದಾಟಿದೆ.

ನನಗೆ ಹೆಚ್ಚು ಇಷ್ಟವಾದ ಕತೆ ಇನ್ನೂ ಹತ್ತಿರದ್ದು. ಕಾರವಾರ ದಾಟಿ ಸ್ವಲ್ಪ ಮುಂದೆ ಹೋದ್ರೆ ಗೋವಾದ ಕೇಪ್ ರಾಮಾ, ಕಡಲಂಚಿನ ಬಂಡೆ. 1993ರಿಂದ ಅಲ್ಲಿ ಗಾಜಿನ ಬಾಟಲಿಗಳಲ್ಲಿ ಗಾಳಿ ತುಂಬಿ, ಪರೀಕ್ಷೆಗೆ ಆಸ್ಟ್ರೇಲಿಯಾಕ್ಕೆ ಕಳಿಸ್ತಿದ್ರು. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದವರೂ ಈ ಕೆಲಸದಲ್ಲಿದ್ದರು. ಜಾಗ ಆರಿಸಿದ ಜಾಣತನ ನೋಡಿ: ಮುಂಗಾರಿನಲ್ಲಿ ಅಲ್ಲಿಗೆ ಬರೋದು ಸಮುದ್ರದ ಗಾಳಿ, ಚಳಿಗಾಲದಲ್ಲಿ ದಿಕ್ಕು ತಿರುಗಿ ಒಳನಾಡಿನ ಗಾಳಿ. ಅಂದ್ರೆ ನಮ್ಮ ಕಡೆಯ ಒಲೆ, ಲಾರಿ, ಹೊಲ ಎಲ್ಲದರ ಉಸಿರೂ ಆ ಬಾಟಲಿಗೆ ಇಳಿಯುತ್ತಿತ್ತು. 2002ರ ನಂತರ ಈ ಸಂಗ್ರಹ ಕೆಲ ವರ್ಷ ನಿಂತಿತ್ತು. ನಿಂತ ವರ್ಷಗಳ ಗಾಳಿಯನ್ನು ಈಗ ಹೋಗಿ ತುಂಬಿಸಿಕೊಳ್ಳೋಕಾಗಲ್ಲ.

ಉಷ್ಣಾಂಶಕ್ಕೆ ಮಾತ್ರ ಗೋವಾ, ಹವಾಯಿ ಯಾವುದೂ ನಡೆಯಲ್ಲ. ಆಲಮಟ್ಟಿ ಹಿನ್ನೀರು, ಕಾಲುವೆ ನೀರಾವರಿ, ಹೊಸ ಕಾಂಕ್ರೀಟ್ ಇವೆಲ್ಲ ಅಕ್ಕಪಕ್ಕದ ಬಿಸಿಯನ್ನು ಅಲ್ಲಾಡಿಸಬಹುದು. ಹವಾಮಾನ ಇಲಾಖೆ ಹುಟ್ಟಿದ್ದು 1875ರಲ್ಲಿ. ಕಿಂಡಿಗಳಿರುವ ಬಿಳಿ ಮರದ ಪೆಟ್ಟಿಗೆ, ಬಿಸಿಲು ಬೀಳದಂತೆ ಉತ್ತರಕ್ಕೆ ಬಾಗಿಲು, ಒಳಗೆ ಥರ್ಮಾಮೀಟರ್, ದಿನಾ ಗೊತ್ತಾದ ಹೊತ್ತಿಗೆ ಒಬ್ಬ ಮನುಷ್ಯ: ಅದೇ ಪದ್ಧತಿ. ಆದರೆ ಇಂಥ ವೀಕ್ಷಣಾಲಯ ಇರೋದು ವಿಜಯಪುರದಂಥ ಊರಲ್ಲಿ, ಹಳ್ಳಿ ಹಳ್ಳಿಯಲ್ಲಲ್ಲ.

ಆ ಕೊರತೆ ತುಂಬೋಕೆ ಹೊರಟದ್ದು ನಮ್ಮ ರಾಜ್ಯವೇ. 1988ರಲ್ಲಿ ಬರ ನಿಗಾ ಘಟಕವಾಗಿ ಶುರುವಾದದ್ದು ಇವತ್ತಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಹೋಬಳಿ ಮಟ್ಟದಲ್ಲಿ ಅದರ ಯಂತ್ರಗಳು ಈಗ ತಾವಾಗಿಯೇ ಉಷ್ಣಾಂಶ ಕಳಿಸುತ್ತವೆ. ಒಂದು ಜಾಗದ ಹವಾಗುಣ ಅಂತ ಹೇಳೋಕೆ ವಾಡಿಕೆಯಲ್ಲಿ 30 ವರ್ಷದ ಅಳತೆ ಬೇಕು, ಈ ಯಂತ್ರಗಳಿಗೆ ಅಷ್ಟು ವಯಸ್ಸಾಗಿಲ್ಲ. ಅಷ್ಟರೊಳಗೆ ಯಂತ್ರದ ಪಕ್ಕದಲ್ಲಿ ಯಾರೋ ಗೋಡೆ ಎಬ್ಬಿಸಿದ್ರೆ, ಆಮೇಲೆ ಅಳೆಯೋದು ಊರಿನ ಬಿಸಿಯನ್ನಲ್ಲ, ಆ ಗೋಡೆಯ ಬಿಸಿಯನ್ನ.